ಜುಲೈ ಕೊನೆಯಲ್ಲಿ ಕಸೋಲ್, ನದಿ ಪಕ್ಕದ ಟೆಂಟ್: ಹೋಗಬಹುದಾ ಮೇಡಂ?

ಪ್ರಶ್ನೆ: ನಮಸ್ತೆ ಮೇಡಂ. ನೀವು ಪ್ರವಾಹ ಮುನ್ಸೂಚನೆಯ ಕೆಲಸ ಮಾಡುವವರು ಅಂತ ಕೇಳುತ್ತಿದ್ದೇನೆ. ನಾವು ಐದು ಜನ ಹಿಮಾಚಲಕ್ಕೆ ಹೊರಟಿದ್ದೇವೆ. ಕಸೋಲ್‌ನಲ್ಲಿ ಪಾರ್ವತಿ ನದಿ ದಡದಲ್ಲೇ ಟೆಂಟ್ ಬುಕ್ ಆಗಿದೆ. ಮನೆಯವರು ಮೇಘಸ್ಫೋಟ ಅಂತ ಹೆದರಿಸುತ್ತಿದ್ದಾರೆ. ನಮ್ಮೂರು ತೀರ್ಥಹಳ್ಳಿ, ಆಗುಂಬೆ ಮಳೆ ನೋಡಿಯೇ ಬೆಳೆದವರು. ಅಲ್ಲಿ ಅದಕ್ಕಿಂತ ಜಾಸ್ತಿ ಏನು ಸುರಿದೀತು?

ಉತ್ತರ: ವರ್ಷದ ಲೆಕ್ಕದಲ್ಲಿ ಆಗುಂಬೆಯೇ ಮುಂದೆ. ಆದರೆ ಲಡಾಖ್‌ನ ಲೇಹ್ ನೋಡಿ. ಇಡೀ ವರ್ಷಕ್ಕೆ ಸುಮಾರು 100 ಮಿ.ಮೀ. ಮಳೆ ಕಾಣುವ ಒಣ ಊರು ಅದು, 2010ರ ಆಗಸ್ಟ್ 5ರ ಮಧ್ಯರಾತ್ರಿಯ ಹೊತ್ತಿಗೆ ಬಂದ ಪ್ರವಾಹದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಹವಾಮಾನ ಇಲಾಖೆಯ ಪ್ರಕಾರ 20–30 ಚದರ ಕಿ.ಮೀ. ಜಾಗದಲ್ಲಿ ಗಂಟೆಗೆ 100 ಮಿ.ಮೀ. ದಾಟಿದರೆ ಮೇಘಸ್ಫೋಟ. ಹಾನಿಯಾಗಲು ಅಷ್ಟು ಬೇಕೂ ಇಲ್ಲ. ನಮ್ಮ ಘಟ್ಟದಲ್ಲಿ ದಟ್ಟ ಕಾಡಿದೆ, ದಪ್ಪ ಮಣ್ಣಿದೆ, ಒಂದಿಷ್ಟು ನೀರು ಹಿಡಿದುಕೊಳ್ಳುತ್ತದೆ. ಹಿಮಾಲಯದಲ್ಲಿ ಕಡಿದಾದ ಬಂಡೆ, ಹಿಮನದಿ ಬಿಟ್ಟುಹೋದ ಸಡಿಲ ಕಲ್ಲುರಾಶಿ. ಬಿದ್ದ ನೀರೆಲ್ಲ ಒಂದೇ ನಾಲಾಕ್ಕೆ (ಬೆಟ್ಟದಿಂದ ಇಳಿಯುವ ಹಳ್ಳಕ್ಕೆ ಅಲ್ಲಿ ನಾಲಾ ಅಂತಾರೆ) ನುಗ್ಗಿ, ಕಲ್ಲು ಮರ ಎಲ್ಲವನ್ನೂ ಎಳೆದುಕೊಂಡು ಕೆಳಗೆ ಬರುತ್ತದೆ. (ಘಟ್ಟದಲ್ಲೂ ಗುಡ್ಡ ಕುಸಿಯುತ್ತದೆ, ಅದು ಬೇರೆ ವಿಷಯ.)

ಪ್ರಶ್ನೆ: ಕ್ಯಾಂಪ್‌ನವರು ಮಳೆ ಜೋರಾದರೆ ಎಬ್ಬಿಸುತ್ತೇವೆ ಅಂದಿದ್ದಾರೆ. ಜೊತೆಗೆ ಆ್ಯಪ್ ನೋಡಿಕೊಂಡರೆ ಸಾಲದಾ?

ಉತ್ತರ: ನಿಮ್ಮ ಟೆಂಟ್ ಮೇಲೆ ಹನಿಯೂ ಬೀಳದೆ ಇರಬಹುದು! ಮಳೆ ಸುರಿಯುವುದು ಮೇಲೆ, ಎಲ್ಲೋ ಒಂದು ಪಕ್ಕದ ನಾಲಾದ ನೆತ್ತಿಯಲ್ಲಿ. ರಾಡಾರ್‌ಗೂ ಬೆಟ್ಟ ಅಡ್ಡ ಬರುತ್ತದೆ. ಇಲಾಖೆಯ ಮೂರು ಗಂಟೆಯ ಮುನ್ಸೂಚನೆ ನೋಡಿ, ಸರ್ಕಾರದ ವಿಪತ್ತು ಎಚ್ಚರಿಕೆಯ ಸಚೇತ್ ಆ್ಯಪ್ ಹಾಕಿಕೊಳ್ಳಿ, ಆದರೆ ನಿಮ್ಮ ನಾಲಾದ ಹೆಸರು ಹಿಡಿದು ಯಾರೂ ಎಚ್ಚರಿಸುವುದಿಲ್ಲ. ಹಾಗಾಗಿ ಮಲಗುವ ಜಾಗವೇ ಮುಖ್ಯ. ನಾಲಾ ಬಂದು ನದಿ ಸೇರುವಲ್ಲಿ ಬೀಸಣಿಗೆ ಹಾಗೆ ಹರಡಿದ ಚೆಂದದ ಸಮತಟ್ಟು ಇರುತ್ತದಲ್ವಾ, ಟೆಂಟ್ ಹಾಕುವುದು ಅಲ್ಲೇ, ಹೋಟೆಲ್ ಕಟ್ಟುವುದೂ ಅಲ್ಲೇ. ಅದು ಆ ನಾಲಾ ಹಿಂದೆ ತಂದು ಸುರಿದ ಮಣ್ಣು. 2025ರ ಆಗಸ್ಟ್ 5ರಂದು ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಧರಾಲಿ ಊರು ಕೊಚ್ಚಿಹೋಗಿದ್ದು ಅಂಥ ಜಾಗದಲ್ಲೇ, ಅದೂ ಹಾಡಹಗಲು. ನೀವು ಹೋಗುತ್ತಿರುವ ಕಣಿವೆಯಲ್ಲೇ, ಮಣಿಕರಣ್ ಹತ್ತಿರದ ಚೋಜ್‌ನಲ್ಲಿ, 2022ರ ಜುಲೈನಲ್ಲಿ ನಾಲಾ ಉಕ್ಕಿ ಕ್ಯಾಂಪ್‌ಗಳು ಕೊಚ್ಚಿಹೋದವು.

ಇನ್ನೊಬ್ಬರು: ಮಳೆಯೇ ಇಲ್ಲದೆಯೂ ನೀರು ಏರುತ್ತದೆ ಅಂತಾರಲ್ಲ?

ಉತ್ತರ: ಹೌದು, ಡ್ಯಾಂ ಗೇಟ್ ತೆರೆದಾಗ. 2014ರ ಜೂನ್ 8ರಂದು ಹಿಮಾಚಲದ ಲಾರ್ಜಿ ಡ್ಯಾಂನಿಂದ ನೀರು ಬಿಟ್ಟಾಗ ಬಿಯಾಸ್ ನದಿಯಲ್ಲಿ ಹೈದರಾಬಾದ್‌ನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಫೋಟೋಗೆ ಅಂತ ಬಂಡೆ ಮೇಲೆ ಇಳಿಯಲೇಬೇಡಿ.

ಪ್ರಶ್ನೆ: ಪ್ರವಾಹ ಬರುವ ಮುಂಚೆ ಗೊತ್ತಾಗುತ್ತದಾ?

ಉತ್ತರ: ಕೆಲವೊಮ್ಮೆ. ನೀರು ದಿಢೀರ್ ಕೆಂಪಾಗುವುದು, ಕಟ್ಟಿಗೆ ತೇಲಿ ಬರುವುದು, ಮೇಲಿನಿಂದ ಲಾರಿ ಬಂದಂಥ ಸದ್ದು. ಇದ್ದಕ್ಕಿದ್ದಂತೆ ನೀರು ಇಳಿದರೆ ಇನ್ನೂ ಹೆದರಿ, ಮೇಲೆ ಗುಡ್ಡ ಕುಸಿದು ನೀರು ಕಟ್ಟಿಕೊಂಡಿರಬಹುದು. ಬ್ಯಾಗು, ಕಾರು ಬಿಟ್ಟು ಪಕ್ಕದ ಎತ್ತರದ ಜಾಗಕ್ಕೆ ಹತ್ತಿ. ರಸ್ತೆ ಹಿಡಿದು ಕೆಳಗೆ ಓಡಬೇಡಿ, ನೀರೂ ಅದೇ ದಾರಿ. ಸುಮಾರು ಎರಡು ಅಡಿ ಹರಿಯುವ ನೀರು ಕಾರನ್ನೇ ಎಳೆದೊಯ್ಯುತ್ತದೆ.

ಪ್ರಶ್ನೆ: ಟೆಂಟ್ ದುಡ್ಡು ವಾಪಸ್ ಕೊಡಲ್ಲ ಅಂತಿದ್ದಾರೆ ಮೇಡಂ.

ಉತ್ತರ: ಹೋದರೆ ಹೋಗಲಿ ಬಿಡಿ. ನಾಲಾದಿಂದ ದೂರ, ಎತ್ತರದಲ್ಲಿರುವ ಹೋಂಸ್ಟೇ ನೋಡಿ, ಇಲ್ಲವೇ ಅಕ್ಟೋಬರ್‌ಗೆ ತಳ್ಳಿ.