ಸಹಾಯ ಬೇಕು: ಬಾರ್ ಪೆಂಡ್ಯುಲಮ್ ಲೆಕ್ಕದಲ್ಲಿ ವೆಯ್ಟ್ (ಪ್ರತಿ ಬಿಂದುವಿಗೆ ಎಷ್ಟು ಮಹತ್ವ ಎಂಬುದು) ಹೇಗೆ ಕೊಡುವುದು?

ಬಿ.ಎಸ್ಸಿ. ಲ್ಯಾಬಿನಲ್ಲಿ ಸಾಲು ರಂಧ್ರಗಳಿರುವ 1 ಮೀಟರ್ ಸರಳನ್ನು ತೂಗಾಡಿಸಿ ಜಿ (ಗುರುತ್ವ ವೇಗೋತ್ಕರ್ಷ) ಕಂಡುಹಿಡಿಯುವ ಪ್ರಯೋಗ, ಕೆ (ಗುರುತ್ವ ಕೇಂದ್ರದ ಸುತ್ತಲಿನ ರೇಡಿಯಸ್ ಆಫ್ ಗೈರೇಶನ್) ಸುಮಾರು 28.9 ಸೆಂ.ಮೀ. ಟಿ ಆಂದೋಲನದ ಅವಧಿ, ಹೆಚ್ ಗುರುತ್ವ ಕೇಂದ್ರದಿಂದ ತೂಗುಬಿಂದುವಿಗಿರುವ ದೂರ. ಟಿ–ಹೆಚ್ ವಕ್ರರೇಖೆ ಕನಿಷ್ಠದ ಬಳಿ ತೀರಾ ಚಪ್ಪಟೆ, ಅಲ್ಲಿ ಕೆ ಓದುವುದು ನಂಬಿಕಸ್ಥವಲ್ಲ. ಹಾಗಾಗಿ ಹೆಚ್²ಗೆ ಎದುರಾಗಿ ಟಿ²×ಹೆಚ್ ಗ್ರಾಫ್, ಸ್ಲೋಪ್ 4π²/ಜಿ.

ತೊಡಕು ಹೆಚ್ ಅಳತೆಯದು. ನೈಫ್ ಎಡ್ಜ್ (ಸರಳು ತೂಗುವ ಚೂಪು ಆಧಾರ) ತಾಗುವುದು ರಂಧ್ರದ ಮೇಲಂಚಿಗೆ, ಅಳೆಯುವುದು ರಂಧ್ರದ ನಡುವಿಗೆ. ತ್ರಿಜ್ಯ 3 ಮಿ.ಮೀ. ಇದ್ದರೆ ಹೆಚ್ ಎರಡೂ ಬದಿ ಅಷ್ಟೇ ಕಡಿಮೆ ಬರುತ್ತದೆ. ಗುರುತ್ವ ಕೇಂದ್ರ ಸರಿದ ದೋಷವಾದರೆ ಎರಡು ಬದಿಯ ಸರಾಸರಿಯಲ್ಲಿ ಬಹುಮಟ್ಟಿಗೆ ಕಳೆಯುತ್ತದೆ, ಇದು ಕಳೆಯದು. 4.7 ಮತ್ತು 44.7 ಸೆಂ.ಮೀ. ಬಿಂದುಗಳಿಂದ ರೇಖೆ ಎಳೆದರೆ 9.8 ಬರಬೇಕಾದ ಜಿ 9.53ಕ್ಕೆ ಇಳಿಯುತ್ತದೆ! ಮೇಲಂಚಿಗೇ ಅಳೆದರೂ ಒಂದರ್ಧ ಮಿ.ಮೀ. ಅನಿಶ್ಚಿತತೆ ಉಳಿಯುತ್ತದೆ.

ಈಗ ಪ್ರಶ್ನೆ. ಸಮಯದ ದೋಷ ಮಾತ್ರ ನೋಡಿದರೆ ಟಿ²×ಹೆಚ್‌ನ ದೋಷ 2×ಟಿ×ಹೆಚ್×σಟಿ (σ ಎಂದರೆ ಆಯಾ ಅಳತೆಯ ಅನಿಶ್ಚಿತತೆ); 45 ಸೆಂ.ಮೀ.ನಲ್ಲಿ ಅದು 5 ಸೆಂ.ಮೀ.ಗಿಂತ ಐದು ಪಟ್ಟಿಗೂ ಹೆಚ್ಚು. ಅಂದರೆ ಗುರುತ್ವ ಕೇಂದ್ರಕ್ಕೆ ಹತ್ತಿರದ ರಂಧ್ರಗಳಿಗೇ ಹೆಚ್ಚು ವೆಯ್ಟ್. ಆದರೆ ಹೆಚ್ ದೋಷ ಅತಿ ಹೆಚ್ಚು ಕೆಡಿಸುವುದೂ ಅಲ್ಲೇ. ಆ ದೋಷಕ್ಕೆ ಸ್ಲೋಪ್×(ಕೆ²−ಹೆಚ್²)/ಹೆಚ್×σಹೆಚ್ ಎಂಬ ಪದ ಸಿಗುತ್ತದೆ, ಹೆಚ್=ಕೆ ಇದ್ದಲ್ಲಿ ಸೊನ್ನೆ. ಎರಡನ್ನೂ ವರ್ಗ ಮಾಡಿ ಕೂಡಿಸಿ ವೆಯ್ಟ್ ಕೊಟ್ಟರೆ ಸರಿಯೇ? ಅಥವಾ ಎಲ್ಲ ರಂಧ್ರಗಳಲ್ಲೂ ಒಂದೇ ದಿಕ್ಕಿಗಿರುವ ದೋಷವನ್ನು ಪ್ರತ್ಯೇಕ ಅಜ್ಞಾತವಾಗಿ ಫಿಟ್ ಮಾಡುವುದು ಉತ್ತಮವೇ? ಹಂತಗಳೊಂದಿಗೆ ತೋರಿಸಿದರೆ ತುಂಬಾ ಉಪಕಾರ.