ಸಹಾಯ ಬೇಕು: ಟ್ರೆಲ್ಲೋದಲ್ಲಿ ಕಾರ್ಡ್ ಎಷ್ಟು ದಿನದಿಂದ ನಿಂತಿದೆ ಅಂತ ನೋಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಪ್ರಿಂಟಿಂಗ್ ಪ್ರೆಸ್. ಟೀಮಿನ ಕೆಲಸವೆಲ್ಲ ಟ್ರೆಲ್ಲೋ (ಕೆಲಸ ಎಲ್ಲಿಗೆ ಬಂತು ಅಂತ ನೋಡುವ ಆ್ಯಪ್) ಬೋರ್ಡ್‌ನಲ್ಲಿದೆ, ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡ್: ಡಿಸೈನ್, ಪ್ರೂಫ್, ಪ್ರಿಂಟ್, ಡೆಲಿವರಿ ಅಂತ ಲಿಸ್ಟ್‌ಗಳು. ತಲೆನೋವು ಪ್ರೂಫ್‌ನದ್ದು. ಮದುವೆ ಸೀಸನ್‌ನಲ್ಲಿ ಲಗ್ನಪತ್ರಿಕೆಗಳೆಲ್ಲ ಅಲ್ಲೇ ರಾಶಿ ಬೀಳುತ್ತವೆ. ಗಿರಾಕಿಗಳು ಸೋದರಮಾವನ ಹೆಸರು ಬಿಟ್ಟುಹೋಗಿದೆ, ಸೇರಿಸಿ ಅಂತಾರೆ. ಆಮೇಲೆ ಫೋನೇ ಎತ್ತಲ್ಲ!

ಯಾವುದು ಎಷ್ಟು ದಿನದಿಂದ ಅಲ್ಲೇ ಇದೆ ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ಕಾರ್ಡ್ ಏಜಿಂಗ್ ಪವರ್-ಅಪ್ (ಯಾರೂ ಮುಟ್ಟದ ಕಾರ್ಡ್ ದಿನ ಕಳೆದಂತೆ ಮಾಸಿದಂತೆ ತೋರಿಸುವ ಹೆಚ್ಚುವರಿ ಸೌಲಭ್ಯ) ಹಾಕಿ ನೋಡಿದೆ. ಯಾರಾದರೂ ಸುಮ್ನೆ ಒಂದು ಕಾಮೆಂಟ್ ಹಾಕಿದರೂ ಮಾಸಿದ ಕಾರ್ಡ್ ಮತ್ತೆ ಹೊಸದರಂತೆ ಕಾಣುತ್ತದೆ. ನಮಗೆ ಉಪಯೋಗವಿಲ್ಲ.

ಪ್ರೂಫ್ ಲಿಸ್ಟ್‌ಗೆ ಬಂದ ತಾರೀಕು ಕಾರ್ಡ್ ಮೇಲೆ ತಾನಾಗಿ ಬೀಳುವಂತೆ ಆಟೊಮೇಷನ್ ರೂಲ್ ಮಾಡಿದವರು ಇದ್ದೀರಾ? ಸ್ಕ್ರೀನ್‌ಶಾಟ್ ಹಾಕಿದರೆ ತುಂಬಾ ಉಪಕಾರ. ಉಚಿತ ಪ್ಲಾನ್‌ನಲ್ಲೇ ಆಗಬೇಕು, ದುಡ್ಡು ಕೊಡಲು ಯಜಮಾನರು ಒಪ್ಪಲ್ಲ.