ರಂಬುಟಾನ್ ಹೂ ಬಿಡುತ್ತದೆ, ಕಾಯಿ ಕಚ್ಚಲ್ಲ. ಮ್ಯಾಂಗೋಸ್ಟೀನ್ ಹೂವೇ ಬಿಟ್ಟಿಲ್ಲ. ಕಡಿಯಬೇಕಾ, ಕಾಯಬೇಕಾ?

ಅಡಿಕೆತೋಟದವ, ಬೆಳ್ತಂಗಡಿ ಕಡೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಹಣ್ಣಿನ ಗಿಡದ ಹುಚ್ಚಿರುವವರು ಜಾಸ್ತಿ ಇದ್ದೀರಿ, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಮನೆಯ ಕೆಳಗೆ, ಅಡಿಕೆ ತೋಟದ ಅಂಚಿನಲ್ಲಿ ಎರಡು ರಂಬುಟಾನ್ ಮರ ಇವೆ. ಎರಡನ್ನೂ ಕಸಿ ಗಿಡ ಅಂತಲೇ ದುಡ್ಡು ಕೊಟ್ಟು ನರ್ಸರಿಯೊಂದರಿಂದ ತಂದದ್ದು. ಏಳು ವರ್ಷ ದಾಟಿತು. ಒಂದು ಮರ ನಾಲ್ಕನೇ ವರ್ಷದಿಂದ ಚೆನ್ನಾಗಿಯೇ ಹಣ್ಣು ಕೊಡುತ್ತಿದೆ. ಇನ್ನೊಂದು ಅದಕ್ಕಿಂತ ಎತ್ತರ ಬೆಳೆದಿದೆ, ಈಗ ಮಾರ್ಚಿನಲ್ಲಿ ನೋಡಿದರೆ ಮರ ತುಂಬ ಹೂ, ಬೆಳಗ್ಗೆ ಜೇನಿನ ಸದ್ದು ಅಂಗಳಕ್ಕೆ ಕೇಳುತ್ತದೆ. ಆದರೆ ಈವರೆಗೆ ಒಂದೇ ಒಂದು ಕಾಯಿ ಕಚ್ಚಿಲ್ಲ. ಗೊಬ್ಬರ ಬದಲಿಸಿ ನೋಡಿದೆ, ಬೂದಿ ಹಾಕಿದೆ, ಬೋರಾನ್ ಸಿಂಪಡಿಸಿ ಅಂದರು, ಅದೂ ಆಯಿತು. ಹೂವೆಲ್ಲ ಉದುರಿ ಬುಡದಲ್ಲಿ ಬೀಳುತ್ತದೆ, ಅಷ್ಟೇ.

ಎರಡನೆಯದು ಮ್ಯಾಂಗೋಸ್ಟೀನ್. ಇದು ಬೀಜದ ಗಿಡ, ತೋಟದ ಒಳಗೆ ಅಡಿಕೆ ಮರಗಳ ನಡುವೆ ಇದೆ. ಹನ್ನೊಂದು ವರ್ಷ ಆಯಿತು. ಎಲೆ ದಪ್ಪ, ಹಸಿರು, ರೋಗ ಒಂದೂ ಇಲ್ಲ, ನೋಡಲಿಕ್ಕೆ ಬಲು ಚಂದ. ಹೂವಿನ ಸುದ್ದಿಯೇ ಇಲ್ಲ.

ಅಪ್ಪ ಎರಡನ್ನೂ ಕಡಿದು ಆ ಜಾಗಕ್ಕೆ ಅಡಿಕೆ ಸಸಿ ಇಡು ಅನ್ನುತ್ತಿದ್ದಾರೆ. ಹೆಂಡತಿಗೆ ದುರಿಯನ್ ಬೇಕಂತೆ, ಅದು ಬೇರೆ. ಏನು ಮಾಡಲಿ?


ಕಣ್ಣುಕಸಿ, ಪುತ್ತೂರು

ದಯವಿಟ್ಟು ಕತ್ತಿ ಕೆಳಗಿಡಿ ಮಾರಾಯ್ರೇ.

ಕಾಯಿ ಬಿಡದ ರಂಬುಟಾನ್ ಗಂಡು ಮರ ಇರಬೇಕು. ನಿಮಗೆ ಕಸಿ ಅಂತ ಕೊಟ್ಟದ್ದು ಬೀಜದ ಗಿಡ ಆಗಿರಬಹುದು, ಅಥವಾ ಕಸಿ ಕಟ್ಟಿದ ಕಣ್ಣು (ಒಳ್ಳೆ ಮರದಿಂದ ತೆಗೆದು ಕೂರಿಸಿದ ಚಿಗುರು ಮೊಗ್ಗು) ಸತ್ತು ಬುಡದ ಚಿಗುರೇ ಮರವಾಗಿರಬಹುದು. ಇದು ಬಹಳ ಕಡೆ ಆಗುತ್ತದೆ. ರಂಬುಟಾನ್ ಬೀಜ ಹಾಕಿದರೆ ಸುಮಾರು ಅರ್ಧದಷ್ಟು ಗಂಡೇ ಬರುತ್ತವೆ, ಹೂ ಬಿಡುವ ತನಕ ಗೊತ್ತೇ ಆಗೋದಿಲ್ಲ. ಗೊಬ್ಬರ, ಬೋರಾನ್ ಎಷ್ಟು ಹಾಕಿದರೂ ಗಂಡು ಮರ ಕಾಯಿ ಕೊಡುತ್ತದಾ?

ಈಗ ಹೂ ಇದೆಯಲ್ಲ, ಇವತ್ತೇ ನೋಡಿ. ಎರಡೂ ಮರದಿಂದ ಒಂದೊಂದು ಗೊಂಚಲು ಮುರಿದು ಬಿಳಿ ಕಾಗದದ ಮೇಲೆ ಇಟ್ಟು, ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ. ಹೂ ಅಕ್ಕಿ ಕಾಳಿನಷ್ಟೇ ಇರೋದು. ಗಂಡು ಹೂವಿನಲ್ಲಿ ಐದರಿಂದ ಏಳು ಕೇಸರ ಹೊರಗೆ ಚಾಚಿರುತ್ತವೆ, ತುದಿಯಲ್ಲಿ ಪರಾಗದ ಪುಡಿ, ನಡುವೆ ಖಾಲಿ. ಹಣ್ಣು ಕೊಡುವ ಮರದ ಹೂವಿನಲ್ಲಿ ನಡುವೆ ಎರಡು ಗುಬುಟು ಸೇರಿದ ಹಾಗೆ ಪುಟ್ಟ ಹಸಿರು ಪಿಂದೆ ಕಾಣುತ್ತದೆ, ಅದರ ಮೇಲಿನ ತುದಿ ಎರಡಾಗಿ ಸೀಳಿ ಹಿಂದಕ್ಕೆ ಸುರುಳಿ ಸುತ್ತಿರುತ್ತದೆ. ಅಲ್ಲೂ ಕೇಸರ ಇರುತ್ತವೆ, ಆದರೆ ಗಿಡ್ಡ, ಬಹುತೇಕ ಒಡೆಯೋದೇ ಇಲ್ಲ.

ಗಂಡು ಅಂತ ಖಾತ್ರಿಯಾದರೂ ಪೂರ್ತಿ ಕಡಿಯಬೇಡಿ. ನಿಮ್ಮ ಇನ್ನೊಂದು ಮರ ಚೆನ್ನಾಗಿ ಹಣ್ಣು ಬಿಡುತ್ತಿದೆ ಅಂದಿರಲ್ಲ, ಅದಕ್ಕೆ ಪರಾಗ ಕೊಡುತ್ತಿರುವುದು ಇದೇ ಗಂಡು ಆಗಿರುವ ಸಾಧ್ಯತೆ ಜಾಸ್ತಿ. ಹಣ್ಣಿನ ತಳಿಗಳಲ್ಲಿ ಪರಾಗ ಕೊಡುವ ಹೂ ತುಂಬ ಕಡಿಮೆ. ಕಾಯಿ ಬಿಡದ ಮರ ಅಂತ ಇದನ್ನು ತೆಗೆದರೆ ಕಾಯಿ ಬಿಡುವ ಮರದಲ್ಲೂ ಫಸಲು ಇಳಿದೀತು.

ನನ್ನ ಸಲಹೆ ಇಷ್ಟು. ಮೊದಲ ಮಳೆ ಬಿದ್ದ ಮೇಲೆ ಗಂಡು ಮರವನ್ನು ಸೊಂಟದ ಎತ್ತರಕ್ಕೆ ಕಡಿಯಿರಿ, ಆದರೆ ಒಂದು ಕೊಂಬೆ ಹಾಗೇ ಉಳಿಸಿ. ಕಡಿದ ಗಾಯಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ್ದು) ಬಳಿಯಿರಿ. ಸುತ್ತ ಚಿಗುರು ಏಳುತ್ತದೆ, ಗಟ್ಟಿಯಾದ ನಾಲ್ಕೈದು ಇಟ್ಟುಕೊಂಡು ಉಳಿದದ್ದು ಚಿವುಟಿ. ಅವು ಪೆನ್ಸಿಲ್‌ಗಿಂತ ದಪ್ಪ ಆಗಿ, ಮಳೆ ಸ್ವಲ್ಪ ಬಿಡುವು ಕೊಟ್ಟಾಗ ನಿಮ್ಮದೇ ಒಳ್ಳೆ ಮರದ ಕಣ್ಣು ತೆಗೆದು ಕಟ್ಟಿಸಿ. ರಬ್ಬರಿಗೆ ಕಣ್ಣು ಕಟ್ಟುವವರು ನಿಮ್ಮ ಕಡೆ ಇದ್ದಾರಲ್ಲ, ವಿಧಾನ ಹೆಚ್ಚುಕಡಿಮೆ ಅದೇ. ಬೇರು ಹಳೆಯದು, ಹಾಗಾಗಿ ಹೊಸ ಗಿಡ ನೆಡುವುದಕ್ಕಿಂತ ಬೇಗ ಹಣ್ಣು ಬರುತ್ತದೆ.

ಬೇರೆ ತಳಿ ಬೇಕಿದ್ದರೆ ಕೊಡಗಿನ ಚೆಟ್ಟಳ್ಳಿಯ ಸಂಶೋಧನಾ ಕೇಂದ್ರ ಬಿಟ್ಟ ಅರ್ಕಾ ಕೂರ್ಗ್ ಅರುಣ್ ಇದೆ, ಕೆಂಪು ಹಣ್ಣು. ಕೇರಳದ ಕಡೆ ಎನ್ 18 ಅನ್ನುವ ತಳಿ ಜಾಸ್ತಿ ಓಡುತ್ತದೆ.


ಮನೆತೋಟದ ಟೀಚರ್, ಕಾಸರಗೋಡು

ಮ್ಯಾಂಗೋಸ್ಟೀನ್ ಬಗ್ಗೆ ನಾನು ಹೇಳುತ್ತೇನೆ. ಹನ್ನೊಂದು ವರ್ಷಕ್ಕೆ ಹೂ ಇಲ್ಲ ಅಂದರೆ ಗಾಬರಿ ಬೇಡ. ಬೀಜದ ಗಿಡಕ್ಕೆ ಏಳೆಂಟು ವರ್ಷ ಅನ್ನೋದು ಎಲ್ಲವೂ ಸರಿ ಇದ್ದಾಗಿನ ಲೆಕ್ಕ. ಇದರ ಬೇರಿಗೆ ಬೇರೆ ಗಿಡಗಳ ಹಾಗೆ ಸಣ್ಣ ರೋಮಗಳು ಇರೋದಿಲ್ಲ, ಮಣ್ಣಿನಿಂದ ಎಳೆದುಕೊಳ್ಳುವುದೇ ನಿಧಾನ. ಮೊದಲ ವರ್ಷಗಳಲ್ಲಿ ಬೆಳೆದದ್ದೇ ಗೊತ್ತಾಗೋದಿಲ್ಲ.

ಇದಕ್ಕೆ ಗಂಡು ಹೆಣ್ಣಿನ ರಗಳೆಯೇ ಇಲ್ಲ. ಪರಾಗ ಬೇಡ, ಒಂಟಿ ಮರವೇ ಕಾಯಿ ಬಿಡುತ್ತದೆ. ಬೀಜದಿಂದ ಬಂದದ್ದೂ ತಾಯಿ ಮರದ ಹಾಗೇ ಇರುತ್ತದೆ. ನಮ್ಮ ಪುನರ್ಪುಳಿ (ಕೋಕಂ) ಇದರ ಹತ್ತಿರದ ನೆಂಟ, ಅದರಲ್ಲಿ ಗಂಡು ಮರ ಬೇರೆ ಹೆಣ್ಣು ಮರ ಬೇರೆ. ಹಾಗಾಗಿ ಮ್ಯಾಂಗೋಸ್ಟೀನ್ ಬೀಜದ್ದು ಅಂತ ಕಡಿಯುವ ಕಾರಣವೇ ಇಲ್ಲ.

ನನ್ನ ಅನುಮಾನ ನಿಮ್ಮ ಸ್ಪ್ರಿಂಕ್ಲರ್ ಮೇಲೆ. ಅಡಿಕೆ ತೋಟದ ಒಳಗೆ ಅಂದಿರಿ. ಅಡಿಕೆಗೆ ಡಿಸೆಂಬರಿನಿಂದ ಮೇ ತನಕ ಬಿಡದೆ ನೀರು ಕೊಡುತ್ತೀರಿ ಅಲ್ವಾ? ಮ್ಯಾಂಗೋಸ್ಟೀನ್ ಹೂವಿಗೆ ತಿರುಗಬೇಕಾದರೆ ಎಲೆ ಬಲಿತ ಮೇಲೆ ಎರಡು ಮೂರು ವಾರ ಒಣಗಬೇಕು. ಆಮೇಲೆ ಒಮ್ಮೆಲೇ ಚೆನ್ನಾಗಿ ನೀರು ಬಿದ್ದರೆ ಕೊಂಬೆಯ ತುದಿಯಲ್ಲಿ ಮೊಗ್ಗು ಕಾಣುತ್ತದೆ. ವರ್ಷವಿಡೀ ಒದ್ದೆಯಲ್ಲೇ ಇರುವ ಮರ ಬರೀ ಎಲೆ ಹಾಕುತ್ತಾ ಕೂರುತ್ತದೆ, ನಿಮ್ಮ ಮರ "ನೋಡಲಿಕ್ಕೆ ಬಲು ಚಂದ" ಇರೋದು ಅದಕ್ಕೇ.

ಇನ್ನೊಂದು ನೆರಳು. ಎಳೆಯ ಗಿಡಕ್ಕೆ ನೆರಳು ಬೇಕೇ ಬೇಕು, ಬಿಸಿಲಿಗೆ ಎಲೆ ಸುಟ್ಟುಹೋಗುತ್ತದೆ. ಆದರೆ ಹನ್ನೊಂದು ವರ್ಷದ ಮರಕ್ಕೆ ಬೆಳಕು ಬೇಕು. ಒಂಬತ್ತು ಅಡಿಗೆ ಒಂದರಂತೆ ನಿಂತ ಅಡಿಕೆಯ ನಡುವೆ ಅದಕ್ಕೆ ಬೆಳಕು ಎಷ್ಟು ಸಿಕ್ಕೀತು? ಸುತ್ತಲಿನ ಮರದಲ್ಲಿ ಒಂದೆರಡು ತೆಗೆಯಲು ಅಪ್ಪನನ್ನು ಒಪ್ಪಿಸಿ. (ಅವರು ಹೇಳಿದ್ದರ ಉಲ್ಟಾ, ಗೊತ್ತು.)

ಮ್ಯಾಂಗೋಸ್ಟೀನಿನ ಕೊಂಬೆ ಮಾತ್ರ ಕತ್ತರಿಸಲು ಹೋಗಬೇಡಿ. ಕಾಯಿ ಬರೋದು ತುದಿಯಲ್ಲೇ.


ತಾರಸಿ ತೋಟ, ಬೆಂಗಳೂರು

ನಿಮ್ಮ ಮಾತೆಲ್ಲ ಓದಿ ಹೊಟ್ಟೆ ಉರಿಯುತ್ತಿದೆ. ಇಲ್ಲಿ ಒಣ ಗಾಳಿ, ಚಳಿಗಾಲದ ರಾತ್ರಿ ತಂಪು, ರಂಬುಟಾನ್ ಎಲೆ ಅಂಚು ಸುಟ್ಟುಕೊಂಡು ಬದುಕುತ್ತದೆ ಅಷ್ಟೇ. ಆ ಆಸೆ ಬಿಟ್ಟು ಜಬೋಟಿಕಾಬ ಹಾಕಿದ್ದೇನೆ, ದೊಡ್ಡ ಡ್ರಮ್ಮಿನಲ್ಲಿ. ಬ್ರೆಜಿಲ್ ಕಡೆಯ ಗಿಡ. ನೇರ ಕಾಂಡದ ಮೇಲೆಯೇ ಬಿಳಿ ಹೂ ಮೂಡುತ್ತದೆ, ತಿಂಗಳು ಒಂದೂವರೆ ತಿಂಗಳಲ್ಲಿ ಕಪ್ಪು ದ್ರಾಕ್ಷಿಯ ಹಾಗೆ ಹಣ್ಣು. ಹಳೆಯ ತಳಿಗೆ ಹತ್ತು ವರ್ಷ ಕಾಯಬೇಕಾದೀತು. ಕೆಂಪು ಹೈಬ್ರಿಡ್ ಅಂತ ಒಂದು ಇದೆ, ಮೂರು ನಾಲ್ಕು ವರ್ಷಕ್ಕೇ ಬಿಡುತ್ತದೆ. ಕುಂಡದಲ್ಲಿ ಬೆಳೆಯುವವರು ಅದನ್ನೇ ಕೇಳಿ ತಗೊಳ್ಳಿ.

ನನ್ನ ಪ್ರಶ್ನೆ ಬೇರೆ. ಎಳೆ ಎಲೆ ಹಳದಿ ಆಗುತ್ತದೆ, ನರ ಮಾತ್ರ ಹಸಿರು. ಗೊಬ್ಬರ ಕಡಿಮೆಯಾ?


ಕಣ್ಣುಕಸಿ, ಪುತ್ತೂರು

ಬೋರ್‌ವೆಲ್ ನೀರು ಹಾಕುತ್ತೀರಾ? ಹಾಗಿದ್ದರೆ ಸಮಸ್ಯೆ ಗೊಬ್ಬರದ್ದಲ್ಲ. ಗಡಸು ನೀರು ಬಿದ್ದು ಬಿದ್ದು ಡ್ರಮ್ಮಿನ ಮಣ್ಣು ಕ್ಷಾರ ಆಗಿದೆ, ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗೋದಿಲ್ಲ. ಈ ಗಿಡಕ್ಕೆ ಸ್ವಲ್ಪ ಹುಳಿ ಮಣ್ಣೇ ಬೇಕು. ಮಳೆ ನೀರು ಹಿಡಿದಿಟ್ಟು ಹಾಕಿ. ಮೇಲಿನ ಮಣ್ಣು ಕೆರೆದು ಕೊಳೆತ ತರಗೆಲೆ ತುಂಬಿ, ಸ್ವಲ್ಪ ಗಂಧಕದ ಪುಡಿ ಬೆರೆಸಿ. ಸದ್ಯಕ್ಕೆ ಹಸಿರು ಬೇಕಿದ್ದರೆ ಕೀಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಎಳೆದುಕೊಳ್ಳುವ ರೂಪದ್ದು) ಸಿಗುತ್ತದೆ. ಬೂದಿ, ಮೊಟ್ಟೆ ಚಿಪ್ಪು ಮಾತ್ರ ಹಾಕಬೇಡಿ. ಜೊತೆಗೆ ಡ್ರಮ್ ಒಣಗಲು ಬಿಡಬೇಡಿ, ಮ್ಯಾಂಗೋಸ್ಟೀನಿಗೆ ಹೇಳಿದ ಉಪವಾಸ ಇದಕ್ಕೆ ಅಲ್ಲ.


ಘಟ್ಟದವ, ಶಿರಸಿ

ಎಲ್ಲ ಸರಿ, ಹಣ್ಣಾದ ಮೇಲಿನ ಕತೆ ಯಾರೂ ಹೇಳುತ್ತಿಲ್ಲ. ನಮ್ಮಲ್ಲಿ ಮಂಗ, ಕೆಂದಳಿಲು, ಬಾವಲಿ, ಮೂರೂ ಪಾಳಿಯಲ್ಲಿ ಬರುತ್ತವೆ. ರಂಬುಟಾನ್ ಕಾಯಿ ಇದ್ದಾಗ ಕೊಯ್ದಿಟ್ಟರೆ ಹಣ್ಣಾಗೋದಿಲ್ಲ, ಮರದಲ್ಲೇ ಬಣ್ಣ ಬರಬೇಕು. ಬಣ್ಣ ಬರುವ ಹೊತ್ತಿಗೆ ಅವಕ್ಕೂ ಗೊತ್ತಾಗುತ್ತದೆ. ಹೇಗೋ ಕೊಯ್ದರೂ ಹೊರಗಿಟ್ಟ ಮೂರ್ನಾಲ್ಕು ದಿನಕ್ಕೆ ಮೇಲಿನ ಕೂದಲು ಕಪ್ಪಾಗುತ್ತದೆ, ಒಳಗೆ ಹಣ್ಣು ಚೆನ್ನಾಗಿದ್ದರೂ ಪೇಟೆಯವನು ಮುಟ್ಟೋದಿಲ್ಲ. ಸುಮ್ನೆ ಮನೆಗೆ ತಿನ್ನಲು ಒಂದೆರಡು ಮರ, ಅದಕ್ಕೆ ಬಲೆ, ಅಷ್ಟಕ್ಕೆ ನಿಲ್ಲಿಸಿ. ಅಡಿಕೆ ತೆಗೆದು ಇದನ್ನು ಹಾಕಿ ಅನ್ನುವವರ ಮಾತು ಕೇಳಬೇಡಿ.

ಬಲೆ ಹಾಕುವುದಿದ್ದರೆ ಮರ ಗಿಡ್ಡ ಇರಬೇಕು. ಪ್ರತಿ ವರ್ಷ ಕೊಯ್ಲು ಮುಗಿದ ಕೂಡಲೇ ಹಣ್ಣು ಬಿಟ್ಟ ತುದಿಗಳನ್ನು ಕತ್ತರಿಸಿ. ತಡ ಮಾಡಿ ಕತ್ತರಿಸಿದರೆ ಹೊಸ ಚಿಗುರು ಬಲಿಯೋದಿಲ್ಲ, ಮುಂದಿನ ವರ್ಷದ ಹೂ ಹೋಗುತ್ತದೆ.


ಅಡಿಕೆತೋಟದವ, ಬೆಳ್ತಂಗಡಿ ಕಡೆ

ಗೊಂಚಲು ಮುರಿದು ನೋಡಿದೆ. ಕಾಯಿ ಬಿಡುವ ಮರದ ಹೂವಿನಲ್ಲಿ ಹೇಳಿದ ಹಾಗೇ ನಡುವೆ ಗುಬುಟು, ಎರಡು ಸುರುಳಿ. ಇನ್ನೊಂದರಲ್ಲಿ ಕೇಸರ ಬಿಟ್ಟರೆ ಏನೂ ಇಲ್ಲ, ಕಾಗದದ ಮೇಲೆ ಹಳದಿ ಪುಡಿ ಬಿತ್ತು. ಗಂಡೇ. ಅಪ್ಪನಿಗೂ ತೋರಿಸಿದೆ, ಕನ್ನಡಕ ಹಾಕಿ ತುಂಬ ಹೊತ್ತು ನೋಡಿದರು, "ಹಾಗಾದರೆ ಒಂದು ಕೊಂಬೆ ಇರಲಿ" ಅಂದರು.

ಮ್ಯಾಂಗೋಸ್ಟೀನಿಗೆ ಮಾತ್ರ ನೀರು ನಿಲ್ಲಿಸೋದು ಹೇಗೆ ಟೀಚರ್? ಸ್ಪ್ರಿಂಕ್ಲರ್ ತಿರುಗಿದರೆ ಎಲ್ಲದಕ್ಕೂ ಬೀಳುತ್ತದೆ. ಮತ್ತೆ ದುರಿಯನ್ ವಿಷಯ?


ಮನೆತೋಟದ ಟೀಚರ್, ಕಾಸರಗೋಡು

ಆ ಮರದ ಹತ್ತಿರದ ಜೆಟ್‌ಗಳನ್ನು ಆ ಮೂರು ವಾರ ಮುಚ್ಚಿ, ಸುತ್ತಲಿನ ಅಡಿಕೆಗೆ ಪೈಪಿನಲ್ಲಿ ಬುಡಕ್ಕೆ ಕೊಡಿ. ಡಿಸೆಂಬರ್ ಕೊನೆ, ಜನವರಿ ಆರಂಭ ಸರಿಯಾದ ಸಮಯ. ಆಗ ಹೊಸ ಕೆಂಪು ಚಿಗುರು ಇದ್ದರೆ ಅದು ಬಲಿಯುವ ತನಕ ತಡೆಯಿರಿ. ಎಲೆ ಸ್ವಲ್ಪ ಬಾಡಿದಂತೆ ಕಂಡರೆ ಸಾಕು, ಉದುರುವ ತನಕ ಕಾಯಬೇಡಿ. ಹೂ ಕಂಡ ಮೇಲೆ ನೀರು ತಪ್ಪಿಸಬಾರದು. ಹೂವಿನಿಂದ ಹಣ್ಣಿಗೆ ಮೂರೂವರೆ ನಾಲ್ಕು ತಿಂಗಳು. ಹೂ ತಡವಾದಷ್ಟೂ ಹಣ್ಣು ಜೋರು ಮಳೆಗೆ ಸಿಕ್ಕುತ್ತದೆ, ಆಗ ಒಳಗೆ ಹಳದಿ ಮೇಣ ಸೋರಿ ತೊಳೆ ಕಹಿ. ಹಾಗಾಗಿ ಬೇಗ ಹೂ ಬರಿಸೋದು ಮುಖ್ಯ. ಹಣ್ಣಾದಾಗ ತಳ ತಿರುಗಿಸಿ ನೋಡಿ, ಅಲ್ಲಿ ಹೂವಿನ ಆಕಾರದ ಮಚ್ಚೆ ಇರುತ್ತದೆ. ಅದರಲ್ಲಿ ಎಷ್ಟು ಎಸಳೋ ಒಳಗೆ ಅಷ್ಟೇ ತೊಳೆ. ಮಕ್ಕಳಿಗೆ ಒಡೆಯುವ ಮೊದಲು ಎಣಿಸುವ ಆಟ.

ನಮ್ಮ ಗುಡ್ಡದ ವಾತಾವರಣಕ್ಕೆ ಇದು ಹೊಸದೇನಲ್ಲ. ನೀಲಗಿರಿಯ ಬರ್ಲಿಯಾರ್, ಕಲ್ಲಾರ್ ಸರ್ಕಾರಿ ತೋಟಗಳಲ್ಲಿ ಹಳೇ ಮ್ಯಾಂಗೋಸ್ಟೀನ್ ಮರಗಳು ಇವೆ, ಮೇಟುಪಾಳ್ಯದಿಂದ ಕೂನೂರಿಗೆ ಹೋಗುವ ದಾರಿಯಲ್ಲೇ. ಹೋದರೆ ನೋಡಿ ಬನ್ನಿ.

ದುರಿಯನ್ ನೆಡುವ ಮೊದಲು ಒಂದು ಪ್ರಶ್ನೆ: ತೋಟದಲ್ಲಿ ಕೊಕ್ಕೋ ಇದೆಯಾ? ಕೊಕ್ಕೋ ಕಾಯಿ ಕಪ್ಪಾಗಿ ಕೊಳೆಯುವ ರೋಗ ತರುವ ಶಿಲೀಂಧ್ರದಂಥ ರೋಗಾಣುವೇ ದುರಿಯನ್ ಬುಡ, ಬೇರು, ಕಾಂಡವನ್ನೂ ಕೊಳೆಸುತ್ತದೆ. ಗಿಡ ಚೆನ್ನಾಗಿ ಬೆಳೆದು ಒಂದು ಮಳೆಗಾಲದಲ್ಲಿ ಬುಡದಿಂದ ಕಂದು ರಸ ಸೋರಿ ಸತ್ತುಹೋಗುತ್ತದೆ. ತೋಟದ ಒಳಗೆ ಬೇಡ, ಇಳಿಜಾರಿನಲ್ಲಿ ಮಣ್ಣು ಏರಿಸಿ ದಿಣ್ಣೆ ಮಾಡಿ ನೆಡಿ. ಗುಂಡಿಯಲ್ಲಿ ಕೆಳಗೆ ಕೂರಿಸಿದರೆ ಮುಗಿಯಿತು. ಎರಡು ಬೇರೆ ಬೇರೆ ತಳಿಯ ಕಸಿ ಗಿಡ ಇಡಿ, ಹೆಚ್ಚಿನ ತಳಿಗಳು ತಮ್ಮದೇ ಪರಾಗಕ್ಕೆ ಕಾಯಿ ಕಚ್ಚೋದಿಲ್ಲ. ಹೂ ಅರಳೋದು ಸಂಜೆ, ಪರಾಗ ಹೊರುವುದು ಬಾವಲಿ, ಬೆಳಗ್ಗೆ ನೋಡಿದರೆ ಎಲ್ಲ ನೆಲದಲ್ಲಿ. ಬಾವಲಿ ಬರದಿದ್ದರೆ ರಾತ್ರಿ ಎಂಟರ ಹೊತ್ತಿಗೆ ಬ್ರಷ್ ಹಿಡಿದು ಏಣಿ ಹತ್ತಬೇಕು.


ಘಟ್ಟದವ, ಶಿರಸಿ

ಬಾವಲಿಗೆ ನಾನು ಬೈದದ್ದು ವಾಪಸ್ ತಗೊಳ್ಳಬೇಕಾ ಈಗ?


ಮನೆತೋಟದ ಟೀಚರ್, ಕಾಸರಗೋಡು

ಅದು ಹೂವಿನ ರಸ ಕುಡಿಯುವ ಬಾವಲಿ, ನಿಮ್ಮ ಹಣ್ಣು ಕದಿಯೋದು ಬೇರೆ ಜಾತಿ ಇರಬಹುದು. ಬೈಗುಳ ಹಾಗೇ ಇಟ್ಟುಕೊಳ್ಳಿ.


ಅಡಿಕೆತೋಟದವ, ಬೆಳ್ತಂಗಡಿ ಕಡೆ

ಕೊಕ್ಕೋ ಇದೆ, ತೋಟ ತುಂಬ. ಹಾಗಾದರೆ ದುರಿಯನ್ ಮನೆ ಹಿಂದಿನ ಗುಡ್ಡೆಗೆ, ಅಲ್ಲಿರೋದು ಮುರಕಲ್ಲು (ಜಂಬಿಟ್ಟಿಗೆ), ಹಾಗಾಗಿ ಮಣ್ಣು ಹೊತ್ತು ಹಾಕಬೇಕು. ಕೊನೇ ಪ್ರಶ್ನೆ, ರಂಬುಟಾನ್ ಕಣ್ಣಿನ ಕಡ್ಡಿ ಯಾವಾಗ ಕತ್ತರಿಸಲಿ?


ಕಣ್ಣುಕಸಿ, ಪುತ್ತೂರು

ಕಟ್ಟುವ ದಿನವೇ. ಅದಕ್ಕೆ ಒಂದೂವರೆ ವಾರ ಮೊದಲು ಆ ಕಡ್ಡಿಯ ಎಲೆಗಳನ್ನು ಮಾತ್ರ ಕತ್ತರಿಸಿ, ತೊಟ್ಟು ಬಿಡಿ. ತೊಟ್ಟು ತಾನಾಗಿ ಉದುರಿ ಕಣ್ಣು ಉಬ್ಬುತ್ತದೆ. ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಕಟ್ಟಿದ ಮೂರು ವಾರಕ್ಕೆ ಪ್ಲಾಸ್ಟಿಕ್ ಬಿಚ್ಚಿ ಉಗುರಿನಿಂದ ಮೆಲ್ಲ ಗೀರಿ ನೋಡಿ, ಹಸಿರಿದ್ದರೆ ಹಿಡಿದಿದೆ. ಕಪ್ಪಾಗಿದ್ದರೆ ಅದೇ ಚಿಗುರಿನ ಇನ್ನೊಂದು ಬದಿಗೆ ಮತ್ತೆ ಕಟ್ಟಬಹುದು, ಅದಕ್ಕೇ ನಾಲ್ಕೈದು ಚಿಗುರು ಇಟ್ಟುಕೊಳ್ಳಿ ಅಂದದ್ದು. ಉಳಿಸುವ ಗಂಡು ಕೊಂಬೆಗೆ ಈಗಲೇ ಬಣ್ಣ ಬಳಿದಿಡಿ, ಕೆಲಸದವರು ಬಂದ ದಿನ ಅದನ್ನೂ ಸೇರಿಸಿ ಕಡಿದಾರು.